ಬೆಳದಿಂಗಳನ್ನು ಸರಿಪಡಿಸಿಕೊಟ್ಟವರಿಗೆ

1791ರ ಮಾರ್ಚ್ 21ರ ರಾತ್ರಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪು ಸುಲ್ತಾನನ ಬೆಂಗಳೂರು ಕೋಟೆಗೆ ಲಗ್ಗೆ ಹಾಕಿದ ದೃಶ್ಯದ ಮಾದರಿ ಕಳೆದ ಭಾನುವಾರ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯನ್ನು ಸೇರಿತು. ಒಂದೂವರೆ ವರ್ಷದ ಈ ಕೆಲಸಕ್ಕೆ ಫಲಕದಲ್ಲಿ ನನ್ನೊಬ್ಬನ ಹೆಸರಿದೆ. ಅದು ಪೂರ್ತಿ ನ್ಯಾಯವಲ್ಲವಾದ್ದರಿಂದ ಈ ಬರಹ.

ಮೊದಲ ನಮಸ್ಕಾರ ನಮ್ಮ ಬೀದಿಯ ನಿವೃತ್ತ ಇತಿಹಾಸದ ಮೇಷ್ಟ್ರಿಗೆ. ದೃಶ್ಯಕ್ಕೆ ಗಾಂಭೀರ್ಯ ಬರಲೆಂದು ನಾನು ಆಕಾಶಕ್ಕೆ ಕಡುಗಪ್ಪು ಬಳಿದು, ಪಂಜುಗಳ ಕೆಂಪು ಬೆಳಕನ್ನಷ್ಟೇ ಉಳಿಸಿಕೊಂಡಿದ್ದೆ. ಅವರು ಕನ್ನಡಕ ಏರಿಸಿ ನೋಡಿ, "ಕಾಮನ ಹುಣ್ಣಿಮೆ ಆಗಷ್ಟೇ ಕಳೆದಿತ್ತು ಕಣಯ್ಯ, ಅವರು ನುಗ್ಗಿದ್ದು ಬೆಳದಿಂಗಳಲ್ಲಿ" ಎಂದರು. ರಾತ್ರಿ ಹನ್ನೊಂದರ ಸುಮಾರಿಗೆ ಚಂದ್ರ ಆಗ್ನೇಯದಲ್ಲಿ ಮೇಲೇರಿರಬೇಕು. ಫಿರಂಗಿಗಳು ಗೋಡೆಯಲ್ಲಿ ಕಂಡಿ ಕೊರೆದದ್ದು ಪೇಟೆಯ ಕಡೆಗೆ, ಅಂದರೆ ಉತ್ತರಕ್ಕೆ, ಈಗಲೂ ಉಳಿದಿರುವ ದೆಹಲಿ ಬಾಗಿಲಿನ ಬಳಿ. ದೀಪವನ್ನು ಕೋಟೆಯ ಹಿಂಬದಿಗೆ ಸರಿಸಿದೊಡನೆ ಗೋಡೆಯ ಹೊರಮುಖ ನೆರಳಿಗೆ ಬಿದ್ದು, ಏರಿಬರುತ್ತಿದ್ದ ಸಿಪಾಯಿಗಳ ತಲೆ-ಭುಜಗಳ ಮೇಲೆ ಮಾತ್ರ ತೆಳ್ಳನೆಯ ಬೆಳಕಿನ ಗೆರೆ ಮೂಡಿತು. ನಾನು ಕೆಂಪು ಬಣ್ಣಕ್ಕೆ ಸುರಿದ ಎರಡು ತಿಂಗಳು ವ್ಯರ್ಥವಾಯಿತೆಂದು ಆಗ ಸಿಟ್ಟು ಬಂದದ್ದನ್ನೂ ಒಪ್ಪಿಕೊಳ್ಳುತ್ತೇನೆ.

ಆಗಸ್ಟಿನ ಮಳೆಗೆ ನೆಲಮಾಳಿಗೆಯೊಳಕ್ಕೆ ನೀರು ನುಗ್ಗಿ ಪ್ಲೈವುಡ್ ತಳ ಉಬ್ಬಿದಾಗ, ಕಂದಕದ ಅಂಚು ಉದ್ದಕ್ಕೂ ಬಿರಿಯಿತು. ಅಂದು ಕರೆಯದೆಯೇ ಹೇರ್ ಡ್ರೈಯರ್‌ಗಳನ್ನು ಹಿಡಿದು ಬಂದ ಅಪಾರ್ಟ್‌ಮೆಂಟಿನ ಅಕ್ಕಂದಿರಿಗೂ, ಮೇಲಿನ ಗೋಡೆ ಅಲುಗದಂತೆ ಕೆಳಗಿನಿಂದ ತಳವನ್ನು ತುಂಡುತುಂಡಾಗಿ ಬದಲಿಸಿಕೊಟ್ಟ ಬಡಗಿಗೂ ನಾನು ಋಣಿ. ತಡವಾದದ್ದಕ್ಕೆ ಗದರದೆ ಗಡುವು ಮುಂದೂಡಿದ ಸಂಗ್ರಹಾಲಯದವರಿಗೂ ವಂದನೆಗಳು.

ಕೊನೆಯದು ಮನೆಯವಳಿಗೆ. 1:72ರ ಪ್ರಮಾಣದಲ್ಲಿ ಐದೂವರೆ ಅಡಿಯ ಆಳು 23 ಮಿಲಿಮೀಟರ್ ಆಗುತ್ತಾನೆ. ಆ ರಾತ್ರಿ ಕಾದಾಡುತ್ತಲೇ ಮಡಿದ ಕಿಲ್ಲೇದಾರ (ಕೋಟೆಯ ಮುಖ್ಯಾಧಿಕಾರಿ) ಬಹಾದ್ದೂರ್ ಖಾನನ ಬೊಂಬೆ, ಅನಾವರಣಕ್ಕೆ ಎರಡು ದಿನವಿರುವಾಗ ನನ್ನ ಚಿಮುಟದಿಂದ ಜಾರಿ ಕಾಣೆಯಾಯಿತು. ನಾನು ಕೈಚೆಲ್ಲಿ ಕೂತಿದ್ದಾಗ ಅವಳು ಇಡೀ ಕೋಣೆಯನ್ನು ಗುಡಿಸಿ, ಕಸವನ್ನು ಮೊರಕ್ಕೆ ಹಾಕಿ ಅಕ್ಕಿ ಆರಿಸುವಂತೆ ಆರಿಸಿ, ಅವನನ್ನು ಹುಡುಕಿಕೊಟ್ಟಳು. ಕೈಯಲ್ಲಿದ್ದ ಕತ್ತಿ ಮಾತ್ರ ಸಿಗಲಿಲ್ಲ. ಗುಂಡುಸೂಜಿಯನ್ನು ತಟ್ಟಿ ಹೊಸದೊಂದನ್ನು ಮಾಡಿ ಅಂಟಿಸಿದ್ದೇನೆ.