ನಮ್ಮ ಅವ್ವನ ಗುಳಿಗೆ ಎಲ್ಲಿ, ಶಾಸಕರೇ?

ಮಾನ್ಯ ಶಾಸಕರಿಗೆ,

ರಾಯಚೂರು ಜಿಲ್ಲೆಯ ಹಳ್ಳಿಯೊಂದರಿಂದ ನಿಮ್ಮ ಮತದಾರನ ನಮಸ್ಕಾರ.

ಎದೆಯ ಕ್ಯಾನ್ಸರಿಗೆ ಕೊಡುವ ಲೆಟ್ರೊಜೋಲ್ ಗುಳಿಗೆ ನಮ್ಮ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ತಪ್ಪದೆ ಸಿಗಬೇಕು. ಮೂರು ಅರ್ಜಿ ಕೊಟ್ಟೆ, ಒಂದಕ್ಕೂ ಹಿಂಬರಹ ಇಲ್ಲ. ಅದಕ್ಕೇ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಅವ್ವನ ಎದೆಯ ಕ್ಯಾನ್ಸರ್ ಎಲುಬಿಗೆ ಇಳಿದಿದೆ. ಅದು ಹೆಣ್ಣು ಹಾರ್ಮೋನಾದ ಈಸ್ಟ್ರೊಜೆನ್ ಆಸರೆಯಲ್ಲಿ ಬೆಳೆಯುವ ಗಡ್ಡೆ ಎಂದು ಬೆಂಗಳೂರಿನ ಪರೀಕ್ಷೆಯಲ್ಲಿ ಗೊತ್ತಾಯಿತು. ದಿನಕ್ಕೊಂದು 2.5 ಮಿಲಿಗ್ರಾಂ ಲೆಟ್ರೊಜೋಲ್ ಬರೆದುಕೊಟ್ಟರು. ಮೈಯಲ್ಲಿ ಈಸ್ಟ್ರೊಜೆನ್ ತಯಾರಾಗುವುದನ್ನೇ ಅದು ತಡೆಯುತ್ತದೆ. ನಾಲ್ಕು ತಿಂಗಳಲ್ಲಿ ಅವ್ವ ಎದ್ದು ರೊಟ್ಟಿ ಬಡಿದಳು.

ಆಮೇಲೆ ಸರಕಾರಿ ಆಸ್ಪತ್ರೆಯಲ್ಲಿ ಶುರುವಾಯಿತು, "ಸ್ಟಾಕ್ ಇಲ್ರಿ, ಮುಂದಿನ ವಾರ ಬರ್ರಿ." ಹೊರಗೆ ಕೊಂಡೆವು. ಬೇಸಿಗೆಯಲ್ಲಿ ಕೂಲಿ ನಿಂತಿತು, ಕೊಳ್ಳುವುದೂ ನಿಂತಿತು. ಆಗ ಖಾಸಗಿ ಡಾಕ್ಟರೊಬ್ಬರು, ದಿನಾ ಗುಳಿಗೆ ಯಾಕೆ, ಆಗೊಮ್ಮೆ ಈಗೊಮ್ಮೆ ಈ ಸೂಜಿ ಸಾಕು ಎಂದರು. ಅದು ಗಂಡು ಹಾರ್ಮೋನು. ಔಷಧ ಸುಳ್ಳಲ್ಲ, 1940ರ ದಶಕದಲ್ಲಿ ಈ ರೋಗಕ್ಕೆ ಅದನ್ನೇ ಕೊಡುತ್ತಿದ್ದರು, ಕೆಲವರಿಗೆ ಗಡ್ಡೆ ಕುಗ್ಗಿದ್ದೂ ಉಂಟು. 1970ರ ದಶಕದಲ್ಲಿ ಈಸ್ಟ್ರೊಜೆನ್ ಗಡ್ಡೆಗೆ ತಾಗದಂತೆ ತಡೆಯುವ ಟಾಮೊಕ್ಸಿಫೆನ್ ಗುಳಿಗೆ, 1990ರ ದಶಕದಲ್ಲಿ ಲೆಟ್ರೊಜೋಲ್ ಬಂದ ಮೇಲೆ ಅದು ಹಿಂದೆ ಸರಿಯಿತು. ದನಿ ಒಡೆಯುತ್ತದೆ, ಮುಖದ ಮೇಲೆ ಕೂದಲು ಬರುತ್ತದೆ ಎಂದು ನಮಗೆ ಯಾರೂ ಹೇಳಲಿಲ್ಲ. ಎಲುಬಿಗೆ ರೋಗ ಇಳಿದವರಿಗೆ ಈ ಸೂಜಿಯಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ಅದನ್ನೂ ಯಾರೂ ನೋಡಲಿಲ್ಲ.

ನಮ್ಮೂರಲ್ಲಿ ಯಾರ ಮದುವೆಯಾದರೂ ಸೋಬಾನೆ ಎತ್ತುವವಳು ಅವ್ವ. ತಂಗಿಯ ಮಗಳ ಸುರಗಿ ನೀರಿನ ದಿನ ಬಾಯಿ ತೆರೆದಳು, ಗಂಡು ದನಿ ಬಂತು. ಹುಡುಗರು ನಕ್ಕರು. ಅವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತಳು. ಅವತ್ತಿನಿಂದ ಮನೆಯಲ್ಲೂ ಕೈಸನ್ನೆಯೇ. ಸೂಜಿ ನಿಲ್ಲಿಸಿದರೂ ದನಿ ಮೊದಲಿನಂತೆ ಆಗುವುದು ಕಷ್ಟ ಅಂದಿದ್ದಾರೆ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ತಂದಿರಿ, ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟಿರಿ. ಗುಳಿಗೆ ಕೊಡಿ, ಸಾಹೇಬರೇ. ಅವಶ್ಯಕ ಔಷಧ, ಖರೀದಿ, ಟೆಂಡರ್, ಎಲ್ಲ ನಿಯಮ ನಿಮಗೆ ಗೊತ್ತಿರುವುದೇ. ನನಗೆ ಬೇಕಾದದ್ದು ಗುಳಿಗೆ: ತಿಂಗಳಿಗೆ ಮೂವತ್ತು, ಪ್ರತಿ ತಿಂಗಳು, ನಮ್ಮವ್ವನಂಥ ಎಲ್ಲರಿಗೂ.

ಸಾಲ ಮಾಡಿ ತಂದ ಪಟ್ಟಿಯಲ್ಲಿ ಈಗ ಒಂಬತ್ತು ಉಳಿದಿವೆ. ದಿನಾ ಬೆಳಿಗ್ಗೆ ಅವ್ವ ಅದನ್ನು ಎಣಿಸಿ, ನನಗೆ ಬೆರಳಲ್ಲಿ ತೋರಿಸುತ್ತಾಳೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ