ಹೊರಗಿಟ್ಟ ಎರಡು ಸ್ವರಗಳು

ಪ್ರಿಯ ಗೆಳೆಯ,

ನೀನು ಕಳುಹಿಸಿದ ಧ್ವನಿಮುದ್ರಣವನ್ನು ನಿನ್ನೆ ರಾತ್ರಿ ನಾಲ್ಕು ಸಲ ಕೇಳಿದೆ. ಎ ಮೈನರ್, ಎಫ್, ಸಿ, ಜಿ ಎಂಬ ನಾಲ್ಕು ಕಾರ್ಡ್‌ಗಳ (ಒಟ್ಟಿಗೆ ಮೊಳಗುವ ಸ್ವರಗುಚ್ಛಗಳ) ಸುತ್ತು, ಅದರ ಮೇಲೆ ನಿನ್ನ ಬೇಸ್ ಗಿಟಾರ್ ಸೋಲೋ. ಬೆರಳು ಎಲ್ಲಿಯೂ ತಡವರಿಸಿಲ್ಲ, ಒಂದೂ ಅಪಸ್ವರವಿಲ್ಲ. ಆದರೂ ‘ಏಣಿ ಹತ್ತಿ ಇಳಿದ ಹಾಗೆ ಕೇಳಿಸುತ್ತದೆ, ಏಕೆ?’ ಎಂದು ಬರೆದಿದ್ದೀಯ. ಆ ಪ್ರಶ್ನೆ ನನ್ನನ್ನೂ ವರ್ಷಗಟ್ಟಲೆ ಕಾಡಿದೆ. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸದೆ ಬರೆಯಲು ಕುಳಿತೆ. ನೀನು ಒಪ್ಪಿರುವುದರಿಂದ ಇದನ್ನು ಎಲ್ಲರೂ ಓದುವಂತೆ ಹಂಚಿಕೊಳ್ಳುತ್ತಿದ್ದೇನೆ.

ನಿನ್ನ ಕೈಯಲ್ಲಿರುವುದು ಎ ಮೈನರ್ ಪೆಂಟಾಟೋನಿಕ್, ಅಂದರೆ ಐದು ಸ್ವರಗಳ ಸ್ಕೇಲ್: ಎ, ಸಿ, ಡಿ, ಇ, ಜಿ. ಇ ತಂತಿಯಲ್ಲಿ 5 ಮತ್ತು 8ನೇ ಫ್ರೆಟ್ (ವೀಣೆಯ ಮೆಟ್ಟಿನಂಥದು), ಉಳಿದ ಎ, ಡಿ, ಜಿ ತಂತಿಗಳಲ್ಲಿ 5 ಮತ್ತು 7. ಬೇಸ್‌ನ ನಾಲ್ಕೂ ತಂತಿಗಳ ನಡುವೆ ಒಂದೇ ಅಂತರ, ಐದೈದು ಫ್ರೆಟ್. ಆದ್ದರಿಂದ ಬೆರಳುಗಳು ಓಡಾಡುವ ಈ ಚೌಕವನ್ನು ಎಲ್ಲಿಗೆ ಸರಿಸಿದರೂ ಆಕಾರ ಕೆಡುವುದಿಲ್ಲ. ಏಳು ಸ್ವರಗಳ ಎ ಮೈನರ್‌ನಿಂದ ಬಿ ಮತ್ತು ಎಫ್ ತೆಗೆದರೆ ಉಳಿಯುವುದು ಈ ಐದು. ಆ ಎರಡನ್ನೇ ತೆಗೆಯಲು ಕಾರಣವಿದೆ. ಏಳು ಸ್ವರಗಳಲ್ಲಿ ಒಂದೇ ಫ್ರೆಟ್ ದೂರದಲ್ಲಿ ಒತ್ತಿಕೊಂಡಿರುವ ಜೋಡಿಗಳು ಬಿ-ಸಿ ಮತ್ತು ಇ-ಎಫ್. ಬಿಯಿಂದ ಎಫ್‌ಗೆ ಇರುವುದು ಆರು ಫ್ರೆಟ್‌ಗಳ ಒರಟು ಅಂತರ, ಟ್ರೈಟೋನ್. ಇವೆರಡನ್ನು ಹೊರಗಿಟ್ಟರೆ ಒಳಗೆ ಜಗಳವಾಡುವ ಸ್ವರಗಳೇ ಉಳಿಯುವುದಿಲ್ಲ. ಯಾವ ಕಾರ್ಡ್ ಬಂದರೂ ಐದೂ ಹೇಗೋ ಹೊಂದಿಕೊಂಡುಬಿಡುತ್ತವೆ. ಹೀಗಾಗಿ ಕಾರ್ಡ್ ಬದಲಾದದ್ದನ್ನು ಕಿವಿಗೊಟ್ಟು ಕೇಳುವ ಅಗತ್ಯವೇ ನಿನಗೆ ಬೀಳುವುದಿಲ್ಲ. ಏಣಿ ಹುಟ್ಟಿದ್ದು ಅಲ್ಲಿ.

ಗಿಟಾರ್ ನುಡಿಸುವವರು ಇದೇ ಐದು ಸ್ವರಗಳಲ್ಲಿ ಸುತ್ತಿದರೂ ನಡೆಯುತ್ತದೆ, ಏಕೆಂದರೆ ಕೆಳಗೆ ಬೇಸ್ ಇರುತ್ತದೆ. ಬೇಸ್‌ನವನೇ ಸೋಲೋಗೆ ಮೇಲೆ ಹೋದರೆ ಕೆಳಗೆ ಯಾರಿದ್ದಾರೆ? ಎಫ್ ಬಂದಿತು, ಈಗ ಜಿ ಬಂದಿತು ಎಂದು ಅಷ್ಟು ಹೊತ್ತೂ ಕೇಳುಗನಿಗೆ ಹೇಳುತ್ತಿದ್ದವನು ನೀನೇ. ನಾನು ಮೊದಲ ಸಲ ಜನರೆದುರು ಸೋಲೋ ನುಡಿಸಿ ಮುಗಿಸಿದಾಗ, ಜೊತೆಗಿದ್ದ ಡ್ರಮ್ಸ್ ಕಲಾವಿದರು ‘ನೀನು ಮೇಲೆ ಹೋದ ಕೂಡಲೇ ಹಾಡು ಎಲ್ಲಿದೆ ಎಂದು ನನಗೆ ತಿಳಿಯಲಿಲ್ಲ’ ಎಂದರು. ಅವರು ಕೋಪದಿಂದ ಹೇಳಿದ ಮಾತಲ್ಲ ಅದು. ಆದರೆ ಇಂದಿಗೂ ಸೋಲೋ ಆರಂಭಿಸುವ ಮುನ್ನ ನೆನಪಾಗುತ್ತದೆ.

ಈಗ ನಿನ್ನ ಎರಡನೆಯ ಕಾರ್ಡ್‌ಗೆ ಬರುತ್ತೇನೆ. ಎಫ್ ಕಾರ್ಡ್ ನಿಂತಿರುವುದು ಎಫ್, ಎ, ಸಿ ಸ್ವರಗಳ ಮೇಲೆ. ನಿನ್ನ ಐದು ಸ್ವರಗಳಲ್ಲಿ ಎಫ್ ಎಲ್ಲಿದೆ? ಇಲ್ಲವೇ ಇಲ್ಲ. ಆ ಕಾರ್ಡ್‌ನ ಮೂಲ ಸ್ವರವನ್ನು ಒಮ್ಮೆಯೂ ಮುಟ್ಟದೆ ಎರಡು ಬಾರ್, ಅಂದರೆ ತಾಳದ ಎರಡು ಸುತ್ತು, ಕಳೆದಿದ್ದೀಯ. ಅದಕ್ಕೇ ಅಲ್ಲಿ ಸೋಲೋ ನೆಲ ಬಿಟ್ಟು ತೇಲುತ್ತದೆ. ಜಿ ಕಾರ್ಡ್‌ನಲ್ಲಿ ಇನ್ನೂ ನಾಜೂಕು. ಜಿ, ಬಿ, ಡಿ ಅದರ ಸ್ವರಗಳು, ಇದು ಮೈನರ್ ಅಲ್ಲ, ಮೇಜರ್ ಎಂದು ಗುರುತು ಹೇಳುವುದು ಬಿ. ಅದೂ ನಿನ್ನಲ್ಲಿಲ್ಲ. ಅದರ ಬದಲು ಪಕ್ಕದ ಸಿಯ ಮೇಲೆ ಎರಡು ಸಲ ನಿಂತಿದ್ದೀಯ. ಆ ಎರಡು ಕಡೆ ನಿನಗೂ ಏನೋ ಇರಿಸುಮುರಿಸು ಆಗಿರಬೇಕು, ಸ್ವರವನ್ನು ಅರ್ಧಕ್ಕೇ ಬಿಟ್ಟು ಓಡಿದ್ದು ಕೇಳಿಸುತ್ತದೆ.

ಇದಕ್ಕೆ ಹೊಸ ಸ್ಕೇಲ್ ಕಲಿಯಬೇಕಾಗಿಲ್ಲ, ಮತ್ತು ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದೇ. ಎಫ್ ಬಂದಾಗ ನಿನ್ನ ಇ ಸ್ವರವನ್ನು ಒಂದೇ ಒಂದು ಫ್ರೆಟ್ ಮೇಲಕ್ಕೆ ಸರಿಸು. ಎ ತಂತಿಯ 7ರ ಬದಲು 8. ಈಗ ಕೈಯಲ್ಲಿರುವುದು ಎಫ್, ಜಿ, ಎ, ಸಿ, ಡಿ. ಅದು ಎಫ್ ಮೇಜರ್ ಪೆಂಟಾಟೋನಿಕ್. ಜಿ ಬಂದಾಗ ಇಯನ್ನು ಅದರ ಜಾಗಕ್ಕೆ ತಂದು, ಸಿಯನ್ನು ಒಂದು ಫ್ರೆಟ್ ಕೆಳಕ್ಕೆ ಇಳಿಸು; ಜಿ ತಂತಿಯ 5ರ ಬದಲು 4, ಇ ತಂತಿಯ 8ರ ಬದಲು 7. ಜಿ, ಎ, ಬಿ, ಡಿ, ಇ ಸಿಗುತ್ತದೆ, ಜಿ ಮೇಜರ್ ಪೆಂಟಾಟೋನಿಕ್. ಸಿ ಕಾರ್ಡ್‌ಗೆ ಏನನ್ನೂ ಬದಲಿಸಬೇಡ, ಏಕೆಂದರೆ ಎ ಮೈನರ್‌ನ ಐದು ಸ್ವರಗಳೇ ಸಿ ಮೇಜರ್‌ನ ಐದು ಸ್ವರಗಳು. ಹೊರಗಿಟ್ಟಿದ್ದ ಎಫ್ ಮತ್ತು ಬಿ ತಮಗೆ ಸಲ್ಲುವ ಕಾರ್ಡ್‌ನಲ್ಲಿ ಮಾತ್ರ ಒಳಗೆ ಬರುತ್ತವೆ, ಬಂದಾಗ ಒರಟಾಗಿ ಕೇಳಿಸುವುದೂ ಇಲ್ಲ.

ಕರ್ನಾಟಕ ಸಂಗೀತ ಕೇಳಿ ಬೆಳೆದ ನಿನಗೆ ಇನ್ನೊಂದು ರೀತಿಯಲ್ಲಿ ಹೇಳಬಹುದು. ಸಿ, ಎಫ್, ಜಿ ಮೂರರ ಮೇಲೂ ನೀನು ನುಡಿಸುವುದು ಮೋಹನ ರಾಗದ ಸ್ವರಗಳನ್ನೇ: ಸ ರಿ ಗ ಪ ದ. ಷಡ್ಜ ಮಾತ್ರ ಜಾಗ ಬದಲಿಸುತ್ತದೆ. ಸಿಯ ಮೋಹನದಲ್ಲಿ ಧೈವತವನ್ನು ಷಡ್ಜವೆಂದುಕೊಂಡರೆ ಶುದ್ಧ ಧನ್ಯಾಸಿ, ಅಂದರೆ ನಿನ್ನ ಎ ಮೈನರ್ ಚೌಕ. ಹೀಗೆ ಷಡ್ಜ ಬದಲಿಸಿ ಒಂದು ರಾಗದಿಂದ ಇನ್ನೊಂದನ್ನು ಪಡೆಯುವ ಗ್ರಹಭೇದ ನನಗೆ ಅರ್ಥವಾದದ್ದು ಬೇಸ್ ಹಿಡಿದ ಮೇಲೆಯೇ. ಆದರೆ ರಾಗದ ಗಮಕ, ಸಂಚಾರ ಬೇರೆಯೇ ಲೋಕ. ಇಲ್ಲಿ ಸ್ವರಗಳ ಸಾಮ್ಯವನ್ನಷ್ಟೇ ಹೇಳುತ್ತಿದ್ದೇನೆ.

ಮೊದಲ ಒಂದು ವಾರ ವೇಗವನ್ನು ಪೂರ್ತಿ ಬಿಡು. ಕಾರ್ಡ್ ಬದಲಾದಾಗ ತಾಳದ ಮೊದಲ ಪೆಟ್ಟಿನ ಮೇಲೆಯೇ ಆ ಹೊಸ ಸ್ವರ ಬೀಳುವಂತೆ ನಿಧಾನವಾಗಿ ನುಡಿಸು. ಇಯಿಂದ ಎಫ್‌ಗೆ ಜಾರುವ ಆ ಒಂದು ಫ್ರೆಟ್‌ನ ಸದ್ದು ಕೇಳಿಸಲಿ. ಹಿಂದೆ ಯಾವ ವಾದ್ಯವೂ ಇಲ್ಲದೆ, ನಿನ್ನ ಸೋಲೋ ಒಂದನ್ನೇ ಕೇಳಿ ಯಾರಾದರೂ ಕಾರ್ಡ್‌ಗಳನ್ನು ಊಹಿಸುವಂತಾದರೆ ಕೆಲಸ ಆಯಿತು.

ಎರಡನೆಯ ಮಾತು ಸ್ವರಗಳ ಎತ್ತರದ್ದು. ನಿನ್ನ ಚೌಕದ ಅತಿ ಕೆಳಗಿನ ಎ ಸುಮಾರು 55 ಹರ್ಟ್ಸ್. ಅಲ್ಲಿ ವೇಗವಾಗಿ ನುಡಿಸಿದರೆ ಸ್ವರಗಳು ಒಂದರೊಳಗೊಂದು ಕಲಸಿಹೋಗುತ್ತವೆ, ಎಷ್ಟೇ ಶುದ್ಧವಾಗಿ ನುಡಿಸಿದರೂ. ಚೌಕದೊಳಗೇ ಇರದೆ ಓರೆಯಾಗಿ ಹತ್ತು, ಪ್ರತಿ ತಂತಿಯಲ್ಲಿ ಮೂರು ಸ್ವರ: ಇ ತಂತಿಯಲ್ಲಿ 5, 8, 10, ಎ ತಂತಿಯಲ್ಲಿ 7, 10, 12, ಡಿ ತಂತಿಯಲ್ಲಿ 10, 12, 14, ಜಿ ತಂತಿಯಲ್ಲಿ 12, 14, 17. ಬೆರಳನ್ನು ಹಿಗ್ಗಿಸಬೇಡ, ಕೈಯನ್ನೇ ಜಾರಿಸು. ಕೊನೆಯ ಸಿ ಸುಮಾರು 262 ಹರ್ಟ್ಸ್, ಪಿಯಾನೋದ ನಡುವಿನ ಸಿ. ಮನುಷ್ಯರು ಹಾಡುವ ಎತ್ತರ ಅದು, ಬೇಸ್ ಅಲ್ಲಿ ನಿಜವಾಗಿಯೂ ಹಾಡುತ್ತದೆ. ಆದರೆ ನಾಲ್ಕು ಬಾರ್‌ಗೆ ಒಮ್ಮೆಯಾದರೂ ಕೆಳಗಿಳಿದು ಒಂದು ಮೂಲ ಸ್ವರವನ್ನು ಮೀಟಿ, ಅದರ ಮೊಳಗು ಕಿವಿಯಲ್ಲಿ ಉಳಿದಿರುವಾಗಲೇ ಮೇಲೆ ಮಾತಾಡು. ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅವರ 1976ರ ಮೊದಲ ಆಲ್ಬಂನಲ್ಲಿ ಬೇಸ್ ಒಂದನ್ನೇ ನುಡಿಸಿದ ರಚನೆಯಿದೆ. ಕೆಳಗೆ ಒಂದು ಸ್ವರ, ಅದರ ಮೇಲೆ ಹಾರ್ಮೋನಿಕ್‌ಗಳ (ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ಹೊರಡಿಸುವ ಸ್ವರಗಳ) ಗೊಂಚಲು. ಬೇರೆ ವಾದ್ಯವಿಲ್ಲವೆಂಬ ಕೊರತೆ ಒಂದು ಕ್ಷಣವೂ ಕಾಣುವುದಿಲ್ಲ. ಕಣ್ಣು ಮುಚ್ಚಿ ಕೇಳು.

ಬ್ಲೂ ನೋಟ್, ಅಂದರೆ ಬ್ಲೂಸ್ ಸಂಗೀತದಲ್ಲಿ ಡಿ ಮತ್ತು ಇ ನಡುವೆ ಸೇರಿಸುವ ಸ್ವರದ ಬಗ್ಗೆ ನೀನು ಕೇಳಿದ್ದೆ. ಎ ತಂತಿಯ 6ನೇ ಫ್ರೆಟ್. ದಾಟಿ ಹೋಗಲು ಬಳಸು, ಅಲ್ಲಿ ತಂಗಬೇಡ.

ಲಯದಲ್ಲಿ ಒಂದು ಅಭ್ಯಾಸ ಹೇಳಿ ನಿಲ್ಲಿಸುತ್ತೇನೆ. ನೀನು ತಾಳದ ಒಂದೊಂದು ಪೆಟ್ಟಿನಲ್ಲಿ ನಾಲ್ಕು ಸ್ವರಗಳಂತೆ ನಾಲ್ಕು ನಾಲ್ಕಾಗಿಯೇ ಗುಂಪು ಮಾಡುತ್ತೀಯ, ಒತ್ತು ಯಾವಾಗಲೂ ಪೆಟ್ಟಿನ ಮೇಲೆಯೇ ಬೀಳುತ್ತದೆ. ವೇಗ ಅದೇ ಇರಲಿ, ಸ್ವರಗಳನ್ನು ಐದೈದಾಗಿ ಕಟ್ಟು. ಬಾಯಲ್ಲಿ ‘ತಕ ತಕಿಟ’ ಎಂದುಕೊಳ್ಳುತ್ತಾ ಪ್ರತಿ ‘ತಕ’ದ ಮೊದಲಕ್ಕೆ ಒತ್ತು ಕೊಡು. ಒತ್ತು ಪೆಟ್ಟಿನಿಂದ ಜಾರುತ್ತಾ ಜಾರುತ್ತಾ ಇಪ್ಪತ್ತು ಸ್ವರಗಳ ನಂತರ, ಅಂದರೆ ಐದು ಪೆಟ್ಟು ಕಳೆದ ಮೇಲೆ, ಮತ್ತೆ ಪೆಟ್ಟನ್ನು ಸೇರುತ್ತದೆ. ಅದು ಸೇರುವ ಕ್ಷಣದ ಸುಖ ನುಡಿಸಿದವರಿಗೇ ಗೊತ್ತು. ಇದು ನಿನಗೆ ಒಗ್ಗಲು ಹದಿನೈದು ದಿನ ಬೇಕಾದರೂ ಚಿಂತೆಯಿಲ್ಲ, ನನಗೆ ಅದಕ್ಕಿಂತ ಹೆಚ್ಚೇ ಬೇಕಾಯಿತು.

ಮುಂದಿನ ಸಲ ಹಿನ್ನೆಲೆಯ ಗಿಟಾರ್ ತೆಗೆದು, ಬೇಸ್ ಮತ್ತು ತಾಳ ಎಣಿಸುವ ಮೆಟ್ರೊನೋಮ್ ಮಾತ್ರ ಇರುವ ಧ್ವನಿಮುದ್ರಣ ಕಳುಹಿಸು. ಕಾರ್ಡ್‌ಗಳ ಕ್ರಮವನ್ನು ಬದಲಿಸಿ ನುಡಿಸು, ನನಗೆ ಮೊದಲೇ ಹೇಳಬೇಡ. ಯಾವ ಕ್ರಮವೆಂದು ನಾನು ಕೇಳಿ ಬರೆದು ಕಳುಹಿಸುತ್ತೇನೆ.

ಪ್ರೀತಿಯಿಂದ,
ನಿನ್ನ ಗೆಳೆಯ