ಪಾರ್ಕಿನ ಬೀಗ 11 ಗಂಟೆಗೆ ಹಾಕಲಿ

ಮಾನ್ಯ ಸಂಪಾದಕರಿಗೆ,

ನಮ್ಮ ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ 9ಕ್ಕೆ ಬೀಗ ಬೀಳುತ್ತದೆ. ಮತ್ತೆ ತೆಗೆಯುವುದು ಸಂಜೆ 4ಕ್ಕೆ. ನಮ್ಮ ಯಜಮಾನರು ಹಾಸಿಗೆ ಬಿಟ್ಟು ಏಳುವುದೇ ಎಂಟೂವರೆಗೆ. ಸೋಮಾರಿತನ ಅಲ್ಲ. ಅವರಿಗೆ ಖಿನ್ನತೆ ಇದೆ. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಬೆಳಗಿನ ಹೊತ್ತೇ ಜಾಸ್ತಿ ಭಾರ.

ಮಂಡ್ಯ ಕಡೆಯ ನಮ್ಮ ಹಳ್ಳಿಯಲ್ಲಿ ಅವರು ಆಲೆಮನೆ ನಡೆಸುತ್ತಿದ್ದರು. ಬೆಳಗಾದರೆ ಗದ್ದೆ, ಇಲ್ಲವೇ ಜಗಲಿ. ಮೂರು ವರ್ಷದ ಹಿಂದೆ ಮಗನ ಜೊತೆ ಇರೋಣ ಅಂತ ಮೈಸೂರಿಗೆ ಬಂದೆವು. ನೆಲಮಹಡಿಯ ಮನೆ. ಪಕ್ಕದ ಕಟ್ಟಡ ಕೈಗೆ ಎಟುಕುವಷ್ಟು ಹತ್ತಿರ. ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕು. ಹೋದ ಆಷಾಢದಲ್ಲಿ ಅವರು ಮಾತೇ ಬಿಟ್ಟರು. ಊಟ ಬೇಡ, ಪೇಪರ್ ಬೇಡ. ಮೊಮ್ಮಗಳು ಕರೆದರೂ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು.

ಮನೋವೈದ್ಯರು ಮಾತ್ರೆ ಕೊಟ್ಟರು. ದಿನಾ ಬೆಳಿಗ್ಗೆ ಅರ್ಧ ಗಂಟೆ ಬಯಲಲ್ಲಿ ಇರಲಿ ಅಂತಲೂ ಹೇಳಿದರು. ಡಿ ವಿಟಮಿನ್‌ಗಾ ಎಂದು ಕೇಳಿದೆ. ಅದು ಚರ್ಮದ ಕೆಲಸ, ಇದು ಕಣ್ಣಿನ ಕೆಲಸ ಎಂದರು. ಕಣ್ಣಿಗೆ ಬಿದ್ದ ಬೆಳಕು ಮೆದುಳಿನ ಗಡಿಯಾರಕ್ಕೆ ಬೆಳಗಾಯಿತೆಂದು ತಿಳಿಸುತ್ತದೆ. ಆಗ ನಿದ್ದೆಯ ಹಾರ್ಮೋನು ಮೆಲಟೋನಿನ್ ತಗ್ಗುತ್ತದೆ, ರಾತ್ರಿ ನಿದ್ದೆಯೂ ಹೊತ್ತಿಗೆ ಸರಿಯಾಗಿ ಬರುತ್ತದೆ. ಸೂರ್ಯನನ್ನು ನೇರವಾಗಿ ನೋಡಲೇಬಾರದು, ಸುಮ್ನೆ ಹೊರಗಿದ್ದರೆ ಸಾಕು. ಚಳಿಗಾಲದಲ್ಲಿ ಹಗಲು ತೀರಾ ಚಿಕ್ಕದಾಗುವ ದೇಶಗಳಲ್ಲಿ ಇದಕ್ಕೆಂದೇ 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕಿನ ದೀಪದ ಮುಂದೆ ಅರ್ಧ ಗಂಟೆ ಕೂರಿಸುತ್ತಾರಂತೆ. ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಯವರು 1984ರಲ್ಲೇ ಈ ಬಗ್ಗೆ ಬರೆದಿದ್ದರು. ಆದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಅಂಥ ದೀಪ ಬಳಸಬಾರದು.

ಮಗ ಫೋನಿನಲ್ಲಿ ಬೆಳಕು ಅಳೆದ. ಟ್ಯೂಬ್‌ಲೈಟ್ ಹಾಕಿದ ನಮ್ಮ ಹಾಲ್‌ನಲ್ಲಿ 110 ಲಕ್ಸ್. ಮೋಡ ಕವಿದಿದ್ದ ಅದೇ ಬೆಳಿಗ್ಗೆ ಪಾರ್ಕಿನಲ್ಲಿ 9,000 ದಾಟಿತು. ಬರಿಗಣ್ಣಿಗೆ ಅಷ್ಟೊಂದು ವ್ಯತ್ಯಾಸ ಕಾಣುವುದೇ ಇಲ್ಲ, ಅಲ್ವಾ?

ಮುಖ ತೊಳೆಸಿ, ಕಾಫಿ ಕುಡಿಸಿ ಕರೆದುಕೊಂಡು ಹೋಗುವಷ್ಟರಲ್ಲಿ 8.50. ಹತ್ತೇ ನಿಮಿಷಕ್ಕೆ ವಾಚ್‌ಮನ್ ಸೀಟಿ ಊದುತ್ತಾರೆ. ಅವರ ತಪ್ಪಿಲ್ಲ, ಹೇಳಿದ ಹೊತ್ತಿಗೆ ಬೀಗ ಹಾಕುತ್ತಾರೆ. ಉಳಿದ ಇಪ್ಪತ್ತು ನಿಮಿಷ ನಾವು ಮೋರಿ ಕಟ್ಟೆ ಮೇಲೆ, ಬೈಕು ಆಟೋಗಳ ಹೊಗೆಯಲ್ಲಿ.

ಮೂರು ತಿಂಗಳಾಯಿತು. ಗುಣ ಮಾತ್ರೆಯದೋ ಬೆಳಕಿನದೋ ಬಿಡಿಸಿ ಹೇಳಲಾರೆ, ಎರಡನ್ನೂ ಬಿಟ್ಟಿಲ್ಲ. ಮೊನ್ನೆ ಬೆಲ್ಲದ ಪಾಕದ ಹದ ಹೇಗೆ ನೋಡುವುದೆಂದು ಮೊಮ್ಮಗಳಿಗೆ ಹೇಳಿಕೊಡುತ್ತಿದ್ದರು. ಅಡುಗೆಮನೆಯಲ್ಲಿ ನಿಂತು ಕೇಳಿ ನನಗೆ ಕಣ್ಣು ತುಂಬಿತು.

ಮನೆಯಲ್ಲಿ ಇಂಥವರಿದ್ದರೆ ಮುಚ್ಚಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪಾರ್ಕು ನೋಡಿಕೊಳ್ಳುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಬೀಗ 11 ಗಂಟೆಗೆ ಹಾಕಿಸಿ. ಈಗಿರುವ ಬೆಂಚುಗಳೆಲ್ಲ ಹೊಂಗೆ ಮರದ ನೆರಳಲ್ಲಿವೆ. ಪಡುವಣ ಗೋಡೆ ಹತ್ತಿರ ಎಳೆಬಿಸಿಲು ಚೆನ್ನಾಗಿ ಬೀಳುತ್ತದೆ, ಅಲ್ಲಿ ಎರಡು ಬೆಂಚು ಹಾಕಿಸಿ.

ಓರ್ವ ಗೃಹಿಣಿ, ಮೈಸೂರು